ಪುಟ್ಟಿಯನ್ನು ಹಿಡಿದಿದ್ದ ಕೈಗಳು

ನಮ್ಮ ಪಶು ಆಸ್ಪತ್ರೆಯ ಕಾಂಪೌಂಡರ ಮೈಮೇಲೆ ಹದಿನೇಳು ಕಡೆ ಕಚ್ಚಿದ ಗುರುತುಗಳಿದ್ದವು. ನಾನು ಡಾಕ್ಟರಾಗಿ ಅಲ್ಲಿಗೆ ಸೇರಿದ ಮೊದಲ ವಾರವೇ ಅವರು ಅಂಗಿಯ ತೋಳು ಮೇಲೇರಿಸಿ ಒಂದೊಂದನ್ನೇ ತೋರಿಸಿದರು, ಮದುವೆ ಆಲ್ಬಮ್ ತೋರಿಸುವವರ ಹುಮ್ಮಸ್ಸಿನಲ್ಲಿ. ಹೆಬ್ಬೆರಳಿನ ಬುಡದ್ದು ಒಂದು ಬಿಳಿ ಪೊಮೆರೇನಿಯನ್‌ದು. ಮಣಿಕಟ್ಟಿನ ಮೇಲಿನ ಉದ್ದ ಗೀರು ಬೆಕ್ಕಿನದು. ಕಿವಿಯ ತುದಿಯಲ್ಲಿ ಚೂರು ಕಮ್ಮಿಯಾಗಿದ್ದದ್ದು ಗಿಳಿಯ ಕೆಲಸ. ಮೊಣಕಾಲಿನ ಕೆಳಗಿನ ಎರಡು ಗುಳಿಗಳು ಒಬ್ಬ ನಿವೃತ್ತ ಮೇಷ್ಟ್ರ ಡ್ಯಾಶ್‌ಹೌಂಡ್‌ದು.

"ಅದು ಇಷ್ಟೇ ಇಷ್ಟು ಎತ್ತರ ಮೇಡಂ. ಮೇಷ್ಟ್ರು 'ಏನೂ ಮಾಡಲ್ಲ, ಏನೂ ಮಾಡಲ್ಲ' ಅಂತ ಹೇಳ್ತಾನೇ ಇದ್ರು. ಅದು ಮಾಡ್ತಾನೇ ಇತ್ತು."

ಆ ದೊಡ್ಡ ತಲೆಯ, ಅಗಲ ಎದೆಯ, ಪಿಟ್‌ಬುಲ್ ಥರದ ನಾಯಿಗಳು ಎಷ್ಟು ಸಲ ಕಚ್ಚಿವೆ ಎಂದು ಕೇಳಿದೆ. ನನ್ನ ತಲೆಯಲ್ಲಿ ಟಿವಿಯಲ್ಲಿ ನೋಡಿದ್ದೆಲ್ಲ ತುಂಬಿತ್ತು. ಕಾಲೇಜಿನಲ್ಲಿ ಅಂಥ ನಾಯಿಯನ್ನು ನಾನು ಮುಟ್ಟಿಯೇ ಇರಲಿಲ್ಲ.

"ನನ್ನನ್ನಾ? ಒಂದ್ಸಲಾನೂ ಇಲ್ಲ. ಮನುಷ್ಯರನ್ನ ಕಂಡ್ರೆ ಅವು ಬೆಣ್ಣೆ. ಮೈಮೇಲೇ ಬಂದು ಬೀಳ್ತವೆ, ನೆಕ್ಕಿ ನೆಕ್ಕಿ ಕನ್ನಡಕ ಕೆಡವ್ತವೆ." ಆಮೇಲೆ ಹೇಳಿದರು, "ಬೇರೆ ನಾಯಿ ಎದುರಿಗೆ ಬಂದಾಗ ಮಾತ್ರ ಹುಷಾರಾಗಿರಬೇಕು. ಎಲ್ಲವೂ ಅಲ್ಲ, ಕೆಲವು. ಹಿಡಿದ್ರೆ ಬಿಡಿಸೋದು ಕಷ್ಟ. ಬಲ ಇದೆಯಲ್ಲ. ಅದನ್ನೂ ಹೇಳ್ಬೇಕು, ಮುಚ್ಚಿಡಬಾರದು."

ಅವರ ಕೆಲಸ ಹಿಡಿಯುವುದು. ಡಾಕ್ಟರು ಸೂಜಿ ಚುಚ್ಚುವಾಗ, ಗಾಯ ತೊಳೆಯುವಾಗ, ಹೊಲಿಗೆ ಹಾಕುವಾಗ ಪ್ರಾಣಿ ಅಲ್ಲಾಡದಂತೆ ಹಿಡಿಯುವುದು. ಹಾಗೆಂದರೆ ಸುಲಭ ಅನ್ನಿಸಬಹುದು. ಅವರು ಎಂದೂ ನಾಯಿಯ ಮುಖಕ್ಕೆ ನೇರವಾಗಿ ಕೈ ಚಾಚುತ್ತಿರಲಿಲ್ಲ. ಪಕ್ಕಕ್ಕೆ ತಿರುಗಿ ಕುಕ್ಕರುಗಾಲಲ್ಲಿ ಕೂತು, ಬೇರೆಲ್ಲೋ ನೋಡುತ್ತಾ, ಅದೇ ಬಂದು ಮೂಸಲಿ ಎಂದು ಕಾಯುತ್ತಿದ್ದರು. ಆಮೇಲೆ ಎಡಗೈ ಕುತ್ತಿಗೆಯ ಕೆಳಗೆ, ಬಲಗೈ ಹೊಟ್ಟೆಯ ಕೆಳಗೆ, ಮೂಗಿನಲ್ಲಿ ಏನೋ ಗುಂಯ್‌ಗುಡುವುದು. ರಾಗ ಅನ್ನುವ ಹಾಗಿರಲಿಲ್ಲ ಅದು, ಹಳೇ ಫ್ಯಾನಿನ ಸದ್ದಿನಂತಿತ್ತು. "ಹಿಡಿಯೋದು ಅಂದ್ರೆ ಒತ್ತೋದಲ್ಲ ಮೇಡಂ. ನಾನಿಲ್ಲೇ ಇದೀನಿ ಅಂತ ಅದಕ್ಕೆ ತಿಳಿಸೋದು, ಅಷ್ಟೇ."

ಹತ್ತೊಂಬತ್ತು ವರ್ಷದಿಂದ ಅವರು ಹಂಗಾಮಿ ನೌಕರರು. ಪ್ರತಿ ವರ್ಷ ಮುಗಿಯುವ ಹೊತ್ತಿಗೆ ಮುಂದಿನ ವರ್ಷಕ್ಕೆ ಒಂದು ಕಾಗದ ಬರಬೇಕು. ಬರುವವರೆಗೆ ಅವರಿಗೂ ಅವರ ಹೆಂಡತಿಗೂ ನಿದ್ದೆಯಿಲ್ಲ. ಹೆಂಡತಿ ಒಂದು ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಪುಸ್ತಕ ಹೊಲಿಯುತ್ತಿದ್ದರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವರ ಸಂಸಾರ. ಮಕ್ಕಳಿರಲಿಲ್ಲ. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ. ನನ್ನ ಹರಿದ ಪಠ್ಯಪುಸ್ತಕಗಳಿಗೆಲ್ಲ ಕೇಳದೆಯೇ ಹೊಸ ಬೆನ್ನು ಹಾಕಿಕೊಟ್ಟಿದ್ದರು. "ಇವರಿಗೆ ನಾಯಿ ಭಾಷೆ ಬರುತ್ತೆ, ಆಫೀಸಿನವರ ಭಾಷೆ ಬರಲ್ಲ. ಅದಕ್ಕೇ ಖಾಯಂ ಆಗಿಲ್ಲ," ಎಂದು ಆಕೆ ನಗುತ್ತಿದ್ದರು. ಕಾಂಪೌಂಡರೂ ನಗುತ್ತಿದ್ದರು, ಆದರೆ ತುಸು ತಡವಾಗಿ.

ಅವರಿಗೆ ತುಂಬ ಇಷ್ಟದ ನಾಯಿಯ ಹೆಸರು ಪುಟ್ಟಿ. ಹೆಸರು ಕೇಳಿ ನೋಡಲು ಹೋದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರಂತೆ. ಕಂದು ಬಣ್ಣ, ಕಡಾಯಿಯಂಥ ತಲೆ, ಮೂವತ್ತು ಕಿಲೋ ಮಾಂಸಖಂಡ. ಅದರ ಯಜಮಾನರು ಬೀಗ ರಿಪೇರಿ ಮಾಡುವವರು, ಬೀದಿಯವರ ಬಾಯಲ್ಲಿ ಬೀಗದಣ್ಣ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಒಂದು ದಿನ ಒಬ್ಬ ಮನೆ ಮಾಲೀಕ, ಬಾಡಿಗೆದಾರ ಹೇಳದೆ ಕೇಳದೆ ಊರು ಬಿಟ್ಟಿದ್ದಾನೆ, ಬೀಗ ಒಡೆಯಬೇಕು ಎಂದು ಕರೆದ. ಬೀಗದಣ್ಣ ಹೋಗಿ ಗೇಟು ತೆಗೆದರೆ ಹಿತ್ತಲಲ್ಲಿ ಸರಪಳಿಯಲ್ಲಿ ಈ ನಾಯಿ. ನೀರಿನ ಬಟ್ಟಲು ಒಣಗಿತ್ತು. ಬಿಡಿಸಿಕೊಳ್ಳಲು ಸರಪಳಿಯನ್ನೇ ಕಡಿದು ಕಡಿದು ಕೆಳಗಿನ ಎರಡೂ ಕೋರೆಹಲ್ಲು ಬುಡದವರೆಗೆ ಮುರಿದಿದ್ದವು. ಗೇಟಿನ ಬೀಗದ ಜೊತೆಗೆ ಸರಪಳಿಯ ಬೀಗವನ್ನೂ ತೆಗೆದು, ಅದನ್ನು ಕರೆದುಕೊಂಡು ಅವರು ನೇರ ಆಸ್ಪತ್ರೆಗೆ ಬಂದರು. ನನಗಿಂತ ಹಿಂದಿದ್ದ, ಆಮೇಲೆ ತೀರಿಕೊಂಡ ಹಿರಿಯ ಡಾಕ್ಟರು ಕೀವಾಗಿದ್ದ ಆ ಎರಡು ಹಲ್ಲುಗಳನ್ನೂ ಕಿತ್ತರು. ಹಿಡಿದುಕೊಂಡವರು ಕಾಂಪೌಂಡರು. ಅರಿವಳಿಕೆ ಇಳಿಯುವವರೆಗೆ ನಾಯಿ ಅವರ ಕಂಕುಳಿನಲ್ಲಿ ತಲೆ ತುರುಕಿಕೊಂಡು ಮಲಗಿತ್ತು. ಆಮೇಲೆ ಪ್ರತಿ ಸಲ ಬಂದಾಗಲೂ ಮೊದಲು ಮಾಡುತ್ತಿದ್ದ ಕೆಲಸ ಅದೇ, ಓಡಿಬಂದು ಅವರ ಕಂಕುಳಿಗೆ ತಲೆ ಕೊಡುವುದು.

ನಾನು ಪುಟ್ಟಿಯನ್ನು ಮೊದಲ ಸಲ ನೋಡಿದ್ದು ಮಾತ್ರ ಬೋನಿನೊಳಗೆ.

ಬೀಗದಣ್ಣನ ಬೀದಿಯಲ್ಲಿ ಆರು ವರ್ಷದ ಒಂದು ಹುಡುಗಿಗೆ ನಾಯಿ ಕಚ್ಚಿತ್ತು. ಮೀನಖಂಡಕ್ಕೆ ಒಂಬತ್ತು ಹೊಲಿಗೆ. ಕಚ್ಚುವುದನ್ನು ಕಂಡವರಿರಲಿಲ್ಲ. ಕಿರುಚಾಟ ಕೇಳಿ ಓಡಿಬಂದ ಇಬ್ಬರು ಹೆಂಗಸರಿಗೆ ಕಂಡದ್ದು ಬೀದಿಯ ನಲ್ಲಿಯ ಹತ್ತಿರ ಹಗ್ಗ ಎಳೆದುಕೊಂಡು ನಿಂತಿದ್ದ ಪುಟ್ಟಿ. ಬೀಗದಣ್ಣ ಯಾರದೋ ಕಪಾಟು ತೆಗೆಯಲು ಹೋಗಿದ್ದರು. ಅಂಗಡಿಯ ಹಿಂಬಾಗಿಲ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಊರಿನ ಬೀಗವನ್ನೆಲ್ಲ ಸರಿ ಮಾಡುವವರ ಮನೆಯ ಚಿಲಕ! ಅದನ್ನು ಅವರೇ ಎಲ್ಲರೆದುರು ಒಪ್ಪಿಕೊಂಡರು. "ಬಾಗಿಲು ತೆರೆದಿತ್ತು, ಅದು ನನ್ನ ತಪ್ಪು. ಆದ್ರೆ ಕಚ್ಚಿದ್ದು ಇವಳಲ್ಲ."

ಕೇಳುವವರು ಯಾರು? ಬೀದಿಯಲ್ಲಿ ಬೇರೆ ನಾಯಿಗಳೂ ಇದ್ದವು. ಆದರೆ ಟಿವಿಯಲ್ಲಿ ಬರುವ ಮುಖದ ನಾಯಿ ಇದ್ದದ್ದು ಅದೊಂದೇ. ಕಚ್ಚಿದ ನಾಯಿಗೆ ಹುಚ್ಚು ಕಾಯಿಲೆ ಇದೆಯೇ ಎಂದು ಹತ್ತು ದಿನ ಕಾದು ನೋಡಬೇಕಾದ್ದರಿಂದ ಪುಟ್ಟಿಯನ್ನು ನಮ್ಮಲ್ಲಿಗೆ ತಂದರು. ಗೇಟಿನ ಹೊರಗೆ ಬೆಳಗ್ಗೆಯಿಂದ ಸಂಜೆಯವರೆಗೆ ಜನ. "ಕೊಲ್ರೀ ಅದನ್ನ, ಇನ್ನೂ ಯಾಕೆ ಇಟ್ಕೊಂಡಿದೀರಾ?" ಎಂಬ ಕೂಗು.

ನಾನು ವರದಿ ಬರೆಯಬೇಕಿತ್ತು. ಸೇರಿ ಮೂರು ತಿಂಗಳೂ ಆಗಿರಲಿಲ್ಲ. ಬೋನಿನ ಹತ್ತಿರ ಹೋದ ಕೂಡಲೇ ನಾಯಿ ಎದ್ದು ಕಂಬಿಗೆ ಹಾರಿತು. ಬೋನೇ ಅಲ್ಲಾಡಿತು. ನಾನು ಹಿಂದಕ್ಕೆ ಜಿಗಿದೆ. ಅದರ ಮೈ ಸೊಂಟದಿಂದ ಬಾಲದವರೆಗೆ ಬಳುಕುತ್ತಿತ್ತು, ಬಾಯಿ ತೆರೆದಿತ್ತು, ನಾಲಿಗೆ ಹೊರಗಿತ್ತು. ಇವತ್ತಾದರೆ ಅದು ಏನೆಂದು ಚಿಕ್ಕ ಮಗುವಿಗೂ ವಿವರಿಸಬಲ್ಲೆ. ಅವತ್ತು ನಾನು ನೋಡಿದ್ದು ತಲೆಯ ಗಾತ್ರ ಮಾತ್ರ. "ಉಗ್ರ ಸ್ವಭಾವ. ಬಾಯಿಯ ಪರೀಕ್ಷೆ ಸಾಧ್ಯವಾಗಲಿಲ್ಲ" ಎಂದು ಬರೆದು ಸಹಿ ಹಾಕಿದೆ. ಕಾಂಪೌಂಡರು ಪಕ್ಕದಲ್ಲೇ ಇದ್ದರು. "ನಾನು ಹಿಡ್ಕೋತೀನಿ ಮೇಡಂ, ನೋಡಿ," ಎಂದರು. "ಬೇಡ, ಈಗ ಬೇಡ," ಎಂದೆ. ಅವರು ಇನ್ನೊಂದು ಸಲ ಹೇಳಲಿಲ್ಲ.

ಹತ್ತು ದಿನವೂ ಪುಟ್ಟಿಗೆ ಊಟ ಹಾಕಿದವರು ಅವರೇ. ಕಾಯಿಲೆಯ ಸುಳಿವು ಕಾಣಲಿಲ್ಲ. ಹತ್ತನೇ ದಿನ ವಿಚಾರಣೆ.

ಆ ಬೆಳಗ್ಗೆ ನಮ್ಮ ಮೇಲಧಿಕಾರಿ ಕಾರಿನಿಂದ ಇಳಿದು ಒಳಗೆ ಬರುವಾಗ ಕಾಂಪೌಂಡರ ಭುಜ ತಟ್ಟಿ ಹೇಳಿದರಂತೆ, "ನಿಮ್ಮ ಖಾಯಂ ಫೈಲು ನನ್ನ ಟೇಬಲ್ ಮೇಲೇ ಇದೆ ಕಣ್ರೀ. ಈ ಗಲಾಟೆ ಒಂದು ಮುಗೀಲಿ." ಅಷ್ಟೇ ಮಾತು. ಅದರಲ್ಲಿ ಬೆದರಿಕೆ ಇತ್ತೋ, ಬರೀ ಉಪಚಾರವಿತ್ತೋ ಇಂದಿಗೂ ಗೊತ್ತಿಲ್ಲ. "ಅವರು ಏನೂ ಹೇಳ್ಲಿಲ್ಲ ಮೇಡಂ. ನಾನೇ ಅರ್ಥ ಮಾಡ್ಕೊಂಡೆ. ಹತ್ತೊಂಬತ್ತು ವರ್ಷ ಅದನ್ನೇ ಕಲಿತಿದ್ದೆನಲ್ಲ," ಎಂದು ಅವರು ನನಗೆ ಎಷ್ಟೋ ಕಾಲದ ನಂತರ ಹೇಳಿದರು.

ನಮ್ಮದೇ ಔಷಧಿ ಕೋಣೆಯಲ್ಲಿ ಮೇಜು ಹಾಕಿ ಮೇಲಧಿಕಾರಿಯೂ ಸೇರಿ ಮೂವರು ಕೂತಿದ್ದರು. ಮೇಜಿನ ಮೇಲೆ ಮಗುವಿನ ಕಾಲಿನ ಫೋಟೋ. ಮೇಲೆ ಎರಡು, ಕೆಳಗೆ ಎರಡು, ಎದುರುಬದುರಾಗಿ ನಾಲ್ಕು ಆಳದ ತೂತು. ನನ್ನ ವರದಿಯನ್ನು ಗಟ್ಟಿಯಾಗಿ ಓದಿದರು. ಬೀಗದಣ್ಣ ಎದ್ದು ನಿಂತರು. ಮಡಚಿದ ಅಂಗಿಯ ತೋಳಿನಲ್ಲಿ ಎಣ್ಣೆಯ ಕಲೆ.

"ಸರ್, ಕೆಳಗಡೆ ಕೋರೆಹಲ್ಲೇ ಇಲ್ಲ ಇವಳಿಗೆ. ಎರಡು ವರ್ಷದ ಹಿಂದೆ ಇಲ್ಲೇ ಕೀಳಿಸಿದ್ದು. ಫೋಟೋದಲ್ಲಿ ನಾಲ್ಕು ತೂತಿದೆ. ಇಲ್ಲದ ಹಲ್ಲಲ್ಲಿ ಹೇಗೆ ಸರ್ ಕಚ್ಚುತ್ತೆ?"

ಮೇಲಧಿಕಾರಿ ನನ್ನತ್ತ ನೋಡಿದರು. "ಬಾಯಿ ನೋಡಿಲ್ಲ ಅಂತ ಬರೆದಿದೀರಿ."

"ಹೌದು ಸರ್," ಎಂದೆ. ಬೇಕಾದರೆ ಈಗ ನೋಡುತ್ತೇನೆ ಎನ್ನುವ ಬದಲು ವರದಿಯ ಕೆಳಗಿನ ನನ್ನ ಸಹಿಯನ್ನು ನೋಡುತ್ತಾ ಕೂತೆ.

"ಆಮೇಲೆ ಬಿದ್ದಿರಬಹುದು, ಬೋನು ಕಡಿದು ಮುರಿದಿರಬಹುದು," ಎಂದರು ಇನ್ನೊಬ್ಬರು. "ಎರಡು ವರ್ಷದ ಹಿಂದೆ ಕಿತ್ತಿದ್ದಕ್ಕೆ ಏನು ಆಧಾರ?"

"ಕಾಂಪೌಂಡರನ್ನೇ ಕೇಳಿ ಸರ್. ಹಿಡ್ಕೊಂಡಿದ್ದೇ ಅವರು." ಬೀಗದಣ್ಣನ ದನಿಯಲ್ಲಿ ಮೊದಲ ಸಲ ನೆಮ್ಮದಿ ಕಂಡಿತು. ಇನ್ನು ಕೆಲಸವಾಯಿತು ಎನ್ನುವ ಹಾಗೆ ಅವರು ಕುರ್ಚಿಯಲ್ಲಿ ಕೂತೇಬಿಟ್ಟರು.

ಎಲ್ಲರೂ ಬಾಗಿಲ ಬಳಿ ನಿಂತಿದ್ದ ಕಾಂಪೌಂಡರತ್ತ ತಿರುಗಿದರು.

"ಏನ್ರೀ? ಕಿತ್ತಿದ್ದು ನಿಜಾನಾ?"

ಕಾಂಪೌಂಡರು ಗೋಡೆಯ ಮೇಲಿದ್ದ ಲಸಿಕೆಯ ಪಟ್ಟಿಯನ್ನು ನೋಡುತ್ತಾ ಹೇಳಿದರು. "ನೆನಪಿಲ್ಲ ಸರ್. ದಿನಾ ಎಷ್ಟೊಂದು ನಾಯಿ ಬರ್ತವೆ."

"ರಿಜಿಸ್ಟರ್?"

"ಹಳೇದು... ಹುಡುಕ್ಬೇಕು ಸರ್."

"ಹುಡುಕೋಕೆಲ್ಲ ಟೈಮಿಲ್ಲ. ಹೊರಗೆ ಜನ ನೋಡಿದೀರಲ್ಲ."

ಬೀಗದಣ್ಣ ಕೂಗಾಡಲಿಲ್ಲ. ಕಾಂಪೌಂಡರ ಮುಖವನ್ನೇ ನೋಡಿದರು. ತಾನೇ ಮಾಡಿಕೊಟ್ಟ ಬೀಗದಕೈ ತನ್ನ ಕಣ್ಣೆದುರೇ ತಿರುಗದೆ ನಿಂತಾಗ ನೋಡುವಂಥ ನೋಟ ಅದು. ಸಿಟ್ಟಿಗಿಂತ ಅದರಲ್ಲಿ ಅರ್ಥವಾಗದ ಆಶ್ಚರ್ಯವೇ ಹೆಚ್ಚಿತ್ತು. ಅರ್ಧ ಗಂಟೆಯಲ್ಲಿ ಪುಟ್ಟಿಯನ್ನು ಕೊಲ್ಲುವ ಆದೇಶ ಟೈಪಾಯಿತು.

ಮಧ್ಯಾಹ್ನ ಎರಡಕ್ಕೆ ಚುಚ್ಚುಮದ್ದು ಕೊಡಬೇಕಿತ್ತು. ಕೊಡಬೇಕಾದವಳು ನಾನು. ಹಿಡಿಯಬೇಕಾದವರು ಅವರು. ಕಾಂಪೌಂಡರು ಬೋನಿನ ಬಾಗಿಲು ತೆಗೆದರು. ಪುಟ್ಟಿ ಹೊರಗೆ ಬಂದವಳೇ ನನ್ನ ಕಾಲು ಮೂಸಿ, ಬಾಲದಿಂದ ಮೇಜಿನ ಕಾಲಿಗೆ ಬಡಿದು, ಓಡಿಹೋಗಿ ಅವರ ಕಂಕುಳಿಗೆ ತಲೆ ತೂರಿಸಿದಳು. ಹಗ್ಗವೂ ಬೇಕಾಗಲಿಲ್ಲ, ಬಾಯಿಗೆ ಪಟ್ಟಿಯೂ ಬೇಕಾಗಲಿಲ್ಲ. ಮುಂಗಾಲಿನ ರಕ್ತನಾಳ ಹುಡುಕಲು ಬಗ್ಗಿದಾಗ ಅವಳು ತಲೆ ಹೊರಳಿಸಿ ನನ್ನ ಗಲ್ಲ ನೆಕ್ಕಿದಳು. ಆಗ ತುಟಿ ಸರಿದು ಕೆಳದವಡೆ ಕಂಡಿತು. ಕೋರೆಹಲ್ಲು ಇರಬೇಕಾದ ಎರಡೂ ಜಾಗ ಖಾಲಿ. ವಸಡು ಗುಲಾಬಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಹತ್ತು ದಿನದಲ್ಲಿ ಮಾಯುವ ಗಾಯವಲ್ಲ ಅದು. ಡಾಕ್ಟರ ಕೆಲಸ ಕಲಿತ ಯಾರಿಗಾದರೂ ಗೊತ್ತಾಗುತ್ತದೆ. ನನಗೂ ಗೊತ್ತಾಯಿತು.

"ಇದು ಹಳೇದು," ಎಂದೆ.

ಕಾಂಪೌಂಡರು ಮೂಗಿನಲ್ಲಿ ಗುಂಯ್‌ಗುಡುತ್ತಿದ್ದರು.

"ಹಳೇದಲ್ವಾ?"

"ಆರ್ಡರ್ ಬಂದಿದೆಯಲ್ಲ ಮೇಡಂ," ಎಂದರು. ಧ್ವನಿ ಅವರದಲ್ಲ ಅನ್ನಿಸಿತು.

ಸೂಜಿ ಕೆಳಗಿಡಬಹುದಿತ್ತು. ಹೊರಗೆ ಹೋಗಿ, ನನ್ನ ವರದಿ ತಪ್ಪು, ಬನ್ನಿ ತೋರಿಸುತ್ತೇನೆ ಎನ್ನಬಹುದಿತ್ತು. ಹೆಚ್ಚೆಂದರೆ ಬೈಸಿಕೊಳ್ಳುತ್ತಿದ್ದೆ, ಒಂದು ಮೆಮೋ ಬರುತ್ತಿತ್ತು. ಗೇಟಿನ ಕಡೆಯಿಂದ ಜನರ ಗದ್ದಲ ಕೇಳುತ್ತಿತ್ತು. ನಾನು ಔಷಧಿ ಒತ್ತಿದೆ. ಪುಟ್ಟಿಯ ಬಾಲ ಎರಡು ಸಲ ಮೇಜಿಗೆ ಬಡಿದು, ನಿಧಾನವಾಗಿ, ನಿಂತಿತು. ಕಾಂಪೌಂಡರು ಆಮೇಲೂ ಸುಮಾರು ಹೊತ್ತು ಹಾಗೆಯೇ ಹಿಡಿದುಕೊಂಡು ಕೂತಿದ್ದರು.

ಬೀಗದಣ್ಣ ಹಿಂದಿನ ಗೇಟಿನ ಹತ್ತಿರ ಕಾದಿದ್ದರು. ಕಾಂಪೌಂಡರು ಕುತ್ತಿಗೆಪಟ್ಟಿಯನ್ನು ತಂದು ಕೊಟ್ಟರು.

"ಹೆದರಿದ್ಲಾ?" ಎಂದು ಬೀಗದಣ್ಣ ಕೇಳಿದರು.

"ಇಲ್ಲ ಅಣ್ಣಾ. ನನ್ನ ಕಂಕುಳಲ್ಲಿ ತಲೆ ಇಟ್ಕೊಂಡಿದ್ಲು."

"ಹೂಂ. ಅವಳಿಗೆ ನೆನಪಿತ್ತು," ಎಂದು ಬೀಗದಣ್ಣ ಹೊರಟುಹೋದರು.

ಮೂರು ವಾರದ ಮೇಲೆ ಕಾಂಪೌಂಡರ ಖಾಯಂ ಆದೇಶ ಬಂತು. ಎಲ್ಲರೂ ಅಭಿನಂದಿಸಿದರು, ಯಾರೋ ಸಿಹಿ ತರಿಸಿದರು. ಕಾಂಪೌಂಡರು ಕಾಗದವನ್ನು ನನ್ನ ಕೋಣೆಗೆ ತಂದು, ಬಾಗಿಲು ಮುಂದೆ ಮಾಡಿ, ಕೆಳಗಿನ ಸಹಿಯ ಹತ್ತಿರ ಬೆರಳಿಟ್ಟರು. "ತಾರೀಖು ನೋಡಿ ಮೇಡಂ."

ವಿಚಾರಣೆಗೆ ಒಂಬತ್ತು ದಿನ ಮೊದಲೇ ಸಹಿ ಬಿದ್ದಿತ್ತು. ಭುಜ ತಟ್ಟಿ ಮಾತಾಡಿದ ದಿನ ಆ ಕಾಗದ ಸಹಿಯಾಗಿ ಯಾವುದೋ ಟಪಾಲಿನ ಚೀಲದಲ್ಲಿತ್ತು. ಮೇಲಧಿಕಾರಿಗೆ ಅದು ಮರೆತೇಹೋಗಿತ್ತೇನೋ. ಕಾಂಪೌಂಡರು ಏನು ಹೇಳಿದ್ದರೂ ಅದು ಬರುವುದೇ ಇತ್ತು.

"ಯಾರೂ ನನ್ನಿಂದ ಏನೂ ಕೇಳಿರ್ಲಿಲ್ಲ," ಎಂದರು. "ನಾನಾಗೇ ಕೊಟ್ಟುಬಿಟ್ಟೆ."

ಆ ಸಂಜೆ ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದರಂತೆ. ಆಕೆಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮರುದಿನ ಆಕೆಯೇ ಆಸ್ಪತ್ರೆಗೆ ಬಂದರು, ಕೆಲಸಕ್ಕೆ ರಜೆ ಹಾಕಿ. "ಎಲ್ಲಿದೆ ಆ ರಿಜಿಸ್ಟರು?" ಎಂದು ಕೇಳಿದರು. ಕಾಂಪೌಂಡರು ಸ್ಟೂಲು ಹತ್ತಿ ಮೇಲಿನ ಶೆಲ್ಫಿನಿಂದ ತೆಗೆದುಕೊಟ್ಟರು. ಹುಡುಕುವುದೇನೂ ಇರಲಿಲ್ಲ, ಕೈ ನೇರವಾಗಿ ಅಲ್ಲಿಗೇ ಹೋಯಿತು. ರಿಜಿಸ್ಟರಿನ ಬೆನ್ನು ಕಿತ್ತುಬಂದಿತ್ತು. ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಪುಟ ತಿರುವಿ ಗಂಡನ ದುಂಡು ಅಕ್ಷರವನ್ನು ಓದಿದರು. "ಪುಟ್ಟಿ. ಹೆಣ್ಣು. ಸುಮಾರು ಮೂರು ವರ್ಷ. ಕೆಳಗಿನ ಕೋರೆಹಲ್ಲು ಎರಡನ್ನೂ ತೆಗೆಯಲಾಗಿದೆ. ಸ್ವಭಾವ ಸಾಧು."

"ಇಷ್ಟು ಚೆನ್ನಾಗಿ ಬರೆದಿದೀರಲ್ಲ. ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?" ಎಂದರು. ಇದು ಜಗಳದ ಮಾತಾಗಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದರು. ಕಾಂಪೌಂಡರು ಸ್ಟೂಲಿನ ಮೇಲೇ ನಿಂತಿದ್ದರು. ಇಳಿಯಲು ತೋಚಲಿಲ್ಲವೋ ಏನೋ.

ನಾವಿಬ್ಬರೂ ಕಾಗದ ಬರೆದೆವು. ನಾನು ನನ್ನ ವರದಿ ತಪ್ಪೆಂದು, ಅವರು ತಮ್ಮ ಮಾತು ಸುಳ್ಳೆಂದು. ರಿಜಿಸ್ಟರಿನ ಪುಟದ ನಕಲನ್ನೂ ಲಗತ್ತಿಸಿದೆವು. ನಾಲ್ಕು ತಿಂಗಳ ಮೇಲೆ ಉತ್ತರ ಬಂತು. "ಸದರಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ." ಶಿಕ್ಷೆಯೂ ಆಗಲಿಲ್ಲ, ಬೈಗುಳವೂ ಬರಲಿಲ್ಲ. ಕಾಂಪೌಂಡರಿಗೆ ಅದು ಇನ್ನೂ ಕಷ್ಟವಾಯಿತು.

ಅಷ್ಟರಲ್ಲಿ ಊರಿನಲ್ಲಿ ಬೇರೆಯೇ ನಡೆದಿತ್ತು. ಅಂಥ ನಾಯಿ ಸಾಕಿದ್ದವರೆಲ್ಲ ಹೆದರಿದ್ದರು. ಕೆಲವರಿಗೆ ನಾಯಿಯ ಭಯ, ಹೆಚ್ಚಿನವರಿಗೆ ನೆರೆಯವರ ಭಯ. ಬೆಳಗ್ಗೆ ಬಾಗಿಲು ತೆಗೆಯಲು ಬಂದರೆ ಆಸ್ಪತ್ರೆಯ ಗೇಟಿಗೆ ಕಟ್ಟಿಹಾಕಿದ ಒಂದು ನಾಯಿ. ಎರಡು ತಿಂಗಳಲ್ಲಿ ಹೀಗೆ ಏಳು ಬಂದವು. ಒಂದರ ಕುತ್ತಿಗೆಯಲ್ಲಿ ಚೀಟಿ ಇತ್ತು, "ತುಂಬಾ ಒಳ್ಳೆಯವನು, ಕ್ಷಮಿಸಿ" ಎಂದು. ಕಾಂಪೌಂಡರು ಒಂದೊಂದಕ್ಕೂ ಹೊಸ ಮನೆ ಹುಡುಕಲು ಓಡಾಡಿದರು. ಬಂದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರು. ಇದು ಜನರನ್ನು ಕಂಡರೆ ಪ್ರಾಣ ಬಿಡುತ್ತೆ, ದಿನಾ ಎರಡು ಹೊತ್ತು ಚೆನ್ನಾಗಿ ನಡೆಸಬೇಕು, ಸರಪಳಿಯಲ್ಲಿ ಕಟ್ಟಿಹಾಕಿ ಮರೆತರೆ ಯಾವ ನಾಯಿಯಾದರೂ ಕೆಡುತ್ತೆ. ಅವುಗಳಲ್ಲಿ ಒಂದು ಕಪ್ಪು ಗಂಡು ನಾಯಿಯನ್ನು ಮಾತ್ರ ಬೇರೆ ನಾಯಿ ಇರುವ ಮನೆಗೆ ಕೊಡುವುದಿಲ್ಲ ಎಂದು ಹಟ ಹಿಡಿದರು. ಅದು ಅಂಗಳದಲ್ಲಿ ಇನ್ನೊಂದರ ಮೇಲೆ ಬಿದ್ದು, ಬಿಡಿಸಲು ಹೋದ ಅವರ ಅಂಗೈ ಸೀಳಿತ್ತು. ಹದಿನೆಂಟನೆಯ ಗುರುತು.

"ಈಗ ನೀವು ಒಂದ್ಸಲಾನೂ ಇಲ್ಲ ಅನ್ನೋ ಹಾಗಿಲ್ಲ," ಎಂದೆ ಬ್ಯಾಂಡೇಜು ಸುತ್ತುತ್ತಾ.

"ಅದು ನನ್ನನ್ನ ಕಚ್ಚಿದ್ದಲ್ಲ ಮೇಡಂ. ನಾನು ಮಧ್ಯದಲ್ಲಿದ್ದೆ." ಬ್ಯಾಂಡೇಜಿನ ಗಂಟು ಬಿದ್ದ ಮೇಲೆ, "ಆದ್ರೂ ಬರೀರಿ. ಆಗಿದ್ದನ್ನ ಬರೀಲೇಬೇಕು," ಎಂದರು.

ಏಳರಲ್ಲಿ ನಾಲ್ಕಕ್ಕೆ ಮನೆ ಸಿಕ್ಕಿತು. ಉಳಿದ ಮೂರನ್ನು ಬೇರೆ ಊರಿನ ಒಂದು ಆಶ್ರಯಕ್ಕೆ ಕಳಿಸಿದೆವು. ಆ ಚೀಟಿಯ ನಾಯಿಯನ್ನು ನಾವೇ ಇಟ್ಟುಕೊಳ್ಳೋಣ ಎಂದು ಅಕ್ಕ ತುಂಬ ಹೇಳಿದರಂತೆ. ಕಾಂಪೌಂಡರು ಒಪ್ಪಲಿಲ್ಲ. "ಅದು ದಿನಾ ಬಂದು ಕಂಕುಳಿಗೆ ತಲೆ ಕೊಟ್ರೆ ನಾನೇನು ಮಾಡ್ಲಿ?" ಎಂದರಂತೆ.

ಬೀಗದಣ್ಣನ ಅಂಗಡಿಗೆ ಹೋಗಲು ಅವರಿಗೆ ಎಂಟು ತಿಂಗಳು ಬೇಕಾಯಿತು. ಅಲ್ಲಿ ನಡೆದದ್ದನ್ನು ಅವರೇ ನನಗೆ ಹೇಳಿದ್ದು.

ಬೀಗದಣ್ಣ ಕೀಲಿ ಉಜ್ಜುವ ಯಂತ್ರದ ಮುಂದೆ ಕೂತಿದ್ದರಂತೆ. ಕಾಂಪೌಂಡರು ರಿಜಿಸ್ಟರನ್ನು ಬಿಚ್ಚಿ ಮುಂದಿಟ್ಟರು. ಅಕ್ಕ ಅದಕ್ಕೆ ಹೊಸ ಬೆನ್ನು ಹಾಕಿದ್ದರು. ಬೀಗದಣ್ಣ ಕನ್ನಡಕ ಹುಡುಕಿ ಹಾಕಿಕೊಂಡು ಆ ಮೂರು ಸಾಲನ್ನು ನಿಧಾನವಾಗಿ ಓದಿದರು.

"ನಿಮಗೆ ನೆನಪಿತ್ತು."

"ಇತ್ತು ಅಣ್ಣಾ."

"ನಾನು ಎಷ್ಟೋ ದಿನ ಅಂದ್ಕೊಂಡೆ, ಪಾಪ ನಿಜವಾಗ್ಲೂ ಮರೆತಿರಬೇಕು, ದಿನಾ ಅಷ್ಟೊಂದು ನಾಯಿ ನೋಡ್ತಾರೆ ಅಂತ." ಬೀಗದಣ್ಣ ರಿಜಿಸ್ಟರನ್ನು ಮುಚ್ಚಿದರು. "ಹಾಗೇ ಅಂದ್ಕೊಂಡಿದ್ರೇ ಚೆನ್ನಾಗಿತ್ತು."

ಕಾಂಪೌಂಡರು ಕೈಮುಗಿದರು. ಬೀಗದಣ್ಣ ಅದನ್ನು ನೋಡಲೂ ಇಲ್ಲ. "ನನ್ನ ಹತ್ರ ಏನು ಹೇಳ್ತೀರಿ? ನನಗೆ ಮೊದಲೇ ಗೊತ್ತಿತ್ತಲ್ಲ. ಗೊತ್ತಿಲ್ಲದವರಿಗೆ ಹೇಳಿ, ಹೋಗಿ," ಎಂದು ಬೀದಿಯ ಕಡೆ ಕೈ ತೋರಿಸಿದರು.

ಕಾಂಪೌಂಡರು ಹೋದರು. ಆ ಬೀದಿಯಲ್ಲಿ ಹದಿಮೂರು ಮನೆ. ಭಾನುವಾರದ ಬೆಳಗ್ಗೆ ಒಂದೊಂದೇ ಬಾಗಿಲು ತಟ್ಟಿ, ರಿಜಿಸ್ಟರ್ ತೆರೆದು ತೋರಿಸಿ, "ಕಚ್ಚಿದ್ದು ಪುಟ್ಟಿ ಅಲ್ಲ. ನನಗೆ ಗೊತ್ತಿತ್ತು. ಅವತ್ತು ಸುಳ್ಳು ಹೇಳಿದೆ," ಎಂದರು. ಒಬ್ಬರು ಇವರು ಏನೋ ಮಾರಲು ಬಂದವರೆಂದು ಬಾಗಿಲು ಹಾಕಿಕೊಂಡರು. ಒಬ್ಬರು "ಈಗ್ಯಾಕೆ ಅದೆಲ್ಲ, ಬಿಡಿ" ಎಂದರು. ಇನ್ನೊಬ್ಬರು "ಇವತ್ತಲ್ಲ ನಾಳೆ ಕಚ್ಚೇ ಕಚ್ತಿತ್ತು, ಅದರ ಜಾತೀನೇ ಅಂಥದ್ದು" ಎಂದು ಇವರಿಗೇ ಬುದ್ಧಿ ಹೇಳಿದರು. ಅದಕ್ಕೆ ಕಾಂಪೌಂಡರು ತೋಳು ಮೇಲೇರಿಸಿ ಗುರುತುಗಳನ್ನೆಲ್ಲ ತೋರಿಸಲು ಹೊರಟು, ಅರ್ಧಕ್ಕೆ ಬಿಟ್ಟರಂತೆ. "ಕೇಳೋ ಮುಖ ಅಲ್ಲ ಅದು ಮೇಡಂ."

ಹನ್ನೊಂದನೆಯದು ಆ ಮಗುವಿನ ಮನೆ. ತಾಯಿ ಕೈ ಒರೆಸಿಕೊಳ್ಳುತ್ತಾ ಬಂದರು. ಪೂರ್ತಿ ಕೇಳಿದರು. ಆಮೇಲೆ ಹೊಸ್ತಿಲ ಮೇಲೆ ಹಾಗೇ ಕೂತುಬಿಟ್ಟರು.

"ನನ್ನ ಮಗಳು ಅವತ್ತೇ ಹೇಳ್ತಿದ್ಲು," ಎಂದರು. "ಬಾಲ ತುಂಬಾ ಕೂದಲಿತ್ತು ಅಮ್ಮಾ, ಪೊರಕೆ ಥರ ಇತ್ತು ಅಂತ. ಬೀಗದಣ್ಣನ ನಾಯಿ ಬಾಲದಲ್ಲಿ ಕೂದಲೆಲ್ಲಿತ್ತು? ಹೆದರಿ ಏನೇನೋ ಹೇಳ್ತಿದಾಳೆ ಅಂದ್ಕೊಂಡ್ವಿ. ಮೊಬೈಲಲ್ಲಿ ಆ ನಾಯಿ ಫೋಟೋ ತೋರಿಸಿ, ಇದೇ ಅಲ್ವಾ, ಇದೇ ಅಲ್ವಾ ಅಂತ ಬಂದವರೆಲ್ಲ ಕೇಳಿದ್ರು. ನಾನೂ ಕೇಳಿದೆ. ಕೊನೆಗೆ ಅವಳೂ ಹೂಂ ಅಂದ್ಲು."

ಮೂಲೆ ಮನೆಯವರ ಹತ್ತಿರ ಪೊರಕೆಯಂಥ ಬಾಲದ ಒಂದು ನಾಯಿ ಇತ್ತು. ಆ ಮನೆಯವರು ಆ ತಿಂಗಳೇ ಬೇರೆ ಕಡೆಗೆ ಹೋಗಿದ್ದರು. ಅದೇ ಕಚ್ಚಿತೋ ಇಲ್ಲವೋ ಈಗ ಹೇಳುವವರಿಲ್ಲ. ಕಾಂಪೌಂಡರು ಅದನ್ನು ಕೆದಕಲು ಹೋಗಲಿಲ್ಲ. "ಇನ್ನೊಂದು ನಾಯೀನ ನೋಡದೆ ಅದರ ಮೇಲೆ ಹೊರಿಸೋದು ಬೇಡ," ಎಂದರು.

ಮರುದಿನ ಆ ತಾಯಿ ಬೀಗದಣ್ಣನ ಅಂಗಡಿಗೆ ಹೋಗಿದ್ದರಂತೆ. ಏನು ಮಾತಾಡಿದರೋ ನಮಗೆ ತಿಳಿಯಲಿಲ್ಲ.

ಇದೆಲ್ಲ ಆಗಿ ಹನ್ನೆರಡು ವರ್ಷ. ಇವತ್ತು ನಾನು ಯಾವ ನಾಯಿಯ ವರದಿ ಬರೆಯಬೇಕಾದರೂ ಬೋನಿನ ಮುಂದೆ ಪಕ್ಕಕ್ಕೆ ತಿರುಗಿ ಕೂತು ಅರ್ಧ ಗಂಟೆಯಾದರೂ ಕಾಯುತ್ತೇನೆ. ಬಾಯಿ ತೆರೆದು ನೋಡದೆ ಸಹಿ ಹಾಕುವುದಿಲ್ಲ. ಹೊಸದಾಗಿ ಬರುವ ಡಾಕ್ಟರುಗಳಿಗೂ ಅದನ್ನೇ ಕಲಿಸುತ್ತೇನೆ. ಎಲ್ಲಿ ಕಲಿತಿರಿ ಎಂದು ಅವರು ಕೇಳಿದಾಗ ಕಾಂಪೌಂಡರ ಹೆಸರು ಹೇಳುತ್ತೇನೆ. ಆದರೆ ಪುಟ್ಟಿಯ ವಿಷಯವನ್ನು ಎಲ್ಲರಿಗೂ ಹೇಳಲು ನನ್ನಿಂದ ಆಗಿಲ್ಲ.

ಕಾಂಪೌಂಡರು ಹೋದ ವರ್ಷ ನಿವೃತ್ತರಾದರು. ಬೀಗದಣ್ಣ ಮತ್ತೆ ನಾಯಿ ಸಾಕಲಿಲ್ಲ. ಕಾಂಪೌಂಡರ ಜೊತೆ ಮಾತೂ ಆಡಲಿಲ್ಲ. ಪೇಟೆಗೆ ಹೋಗಲು ದೊಡ್ಡ ರಸ್ತೆಯೇ ಹತ್ತಿರ, ಆದರೂ ಕಾಂಪೌಂಡರು ದಿನವೂ ಚೀಲ ಹಿಡಿದು ಆ ಬೀದಿಯಲ್ಲೇ ಹೋಗುತ್ತಾರೆ. ಅಂಗಡಿಯ ಮುಂದೆ ಬಂದಾಗ ನಡಿಗೆ ನಿಧಾನ ಮಾಡುತ್ತಾರೆ. ಯಂತ್ರದ ಮೇಲೆ ಬಗ್ಗಿದ ಬೀಗದಣ್ಣ ಕೆಲವು ದಿನ ತಲೆ ಎತ್ತಿ ಒಂದು ಸಲ ಆಡಿಸುತ್ತಾರೆ, ಕೆಲವು ದಿನ ಎತ್ತುವುದಿಲ್ಲ.

"ಇವತ್ತು ನೋಡಿದ್ರು ಮೇಡಂ," ಎಂದು ಕಾಂಪೌಂಡರು ನನಗೆ ಫೋನು ಮಾಡುತ್ತಾರೆ. ನೋಡದ ದಿನ ಫೋನು ಬರುವುದಿಲ್ಲ.